ಜುಹೂ ವಿಮಾನ ನಿಲ್ದಾಣವೂ ಬಳ್ಳಾರಿಯ ಟಪಾಲೂ

ಜೋಗೇಶ್ವರಿಯಲ್ಲಿ ನೆಲೆಸಿರುವ ನಮಗೆ ವಿಮಾನದ ಸದ್ದು ಹೊಸದಲ್ಲ. ಊರಿನಿಂದ ಬಂದ ನೆಂಟರು ತಲೆಯೆತ್ತಿ ನೋಡಿದರೆ, ಸಾಂತಾಕ್ರೂಜಿನ ದೊಡ್ಡ ನಿಲ್ದಾಣದತ್ತ ಕೈತೋರಿ ಸುಮ್ಮನಾಗುತ್ತೇವೆ. ಆದರೆ ಅದರ ಪಶ್ಚಿಮಕ್ಕೆ, ಕಡಲ ಸಮೀಪದಲ್ಲಿ, ಅದಕ್ಕಿಂತ ಹಿರಿಯದಾದ ಚಿಕ್ಕ ನಿಲ್ದಾಣವೊಂದಿದೆ. ಅದೇ ಜುಹೂ. ಕನ್ನಡಿಗರು ಅದರ ಚರಿತ್ರೆಯನ್ನು ಅರಿಯಲು ಒಂದು ವಿಶೇಷ ಕಾರಣವುಂಟು.

ಈ ನಿಲ್ದಾಣದ ಹುಟ್ಟು 1928ರಲ್ಲಿ. ಇಲ್ಲಿನ ಬಾಂಬೆ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹಾರಲು ಕಲಿತ ಜೆ. ಆರ್. ಡಿ. ಟಾಟಾ ಅವರು 1929ರಲ್ಲಿ ಭಾರತದ ಮೊದಲನೆಯ ವಿಮಾನ ಚಾಲಕ ಪರವಾನಗಿಯನ್ನು ಪಡೆದರು. ಆಗ ಲಂಡನ್ನಿನ ವಿಮಾನ ಟಪಾಲು ಕರಾಚಿಯವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಂದ ಮುಂದೆ ರೈಲೇ ಗತಿ. ಈ ಕೊರತೆಯನ್ನು ನೀಗಲು 1932ರ ಅಕ್ಟೋಬರ್ 15ರಂದು ಟಾಟಾ ಅವರು ಒಂದೇ ಎಂಜಿನಿನ ಪುಸ್ ಮಾತ್ ವಿಮಾನದಲ್ಲಿ ಟಪಾಲು ಹೊತ್ತು, ಅಹಮದಾಬಾದಿನ ಮಾರ್ಗವಾಗಿ ಬಂದು ಜುಹೂವಿನಲ್ಲಿ ಇಳಿದರು. ಅಲ್ಲಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅದನ್ನು ಮದರಾಸಿಗೆ ಒಯ್ದರು. ನಡುವಣ ತಂಗುದಾಣ ಯಾವುದು? ನಮ್ಮ ಬಳ್ಳಾರಿ!

ಅಂದಿನ ಕನ್ನಡ ನಾಡಿನ ಸ್ಥಿತಿಯನ್ನು ನೆನೆಯಿರಿ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು, ಬಳ್ಳಾರಿ ಮದರಾಸಿಗೆ. ನಾಡು ಹರಿದು ಹಂಚಿಹೋಗಿದ್ದಾಗ, ಜುಹೂವಿನಿಂದ ಹೊರಟ ಪುಟ್ಟ ವಿಮಾನವು ಆ ಗಡಿಯನ್ನು ಲೆಕ್ಕಿಸದೆ ಕನ್ನಡದ ನೆಲದಲ್ಲಿ ಇಳಿಯಿತು. ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿದ್ದು 1953ರಲ್ಲಿ. ಈ ಜಿಲ್ಲೆಗಳೆಲ್ಲ ಒಂದೇ ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು.

ಜುಹೂವಿಗೆ ಮಳೆಗಾಲವೇ ವೈರಿ. ನೀರು ನಿಂತು ನೆಲ ಕೆಸರಾಗುತ್ತಿದ್ದುದರಿಂದ ಟಾಟಾ ಸಂಸ್ಥೆಯು ಆ ತಿಂಗಳುಗಳಲ್ಲಿ ಪುಣೆಯನ್ನು ಆಶ್ರಯಿಸುತ್ತಿತ್ತು. ಎರಡನೆಯ ಮಹಾಯುದ್ಧದ ತರುವಾಯ ದೊಡ್ಡ ವಿಮಾನಗಳೆಲ್ಲ ಸಾಂತಾಕ್ರೂಜಿನ ಪಾಲಾದವು. ಆದರೂ 1953ರಲ್ಲಿ ಒಂದು ಕಾಮೆಟ್ ಜೆಟ್ಟೂ, 1972ರಲ್ಲಿ ಜಪಾನಿನ ಒಂದು ಡಿಸಿ-8 ವಿಮಾನವೂ ದೊಡ್ಡ ನಿಲ್ದಾಣವೆಂದು ಭ್ರಮಿಸಿ ಈ ಚಿಕ್ಕ ಅಂಗಳದಲ್ಲಿ ಇಳಿದುದುಂಟು!

ಹಾಗೆಂದು ಜುಹೂ ನಿಷ್ಪ್ರಯೋಜಕವಾಗಲಿಲ್ಲ. ಕಡಲ ನಡುವಿನ ತೈಲಬಾವಿಗಳಿಗೆ ಕೆಲಸಗಾರರನ್ನು ಒಯ್ಯುವ ಹೆಲಿಕಾಪ್ಟರುಗಳಿಗೆ ಅದು ನೆಲೆಯಾಯಿತು. 1982ರ ಅಕ್ಟೋಬರ್ 15ರಂದು, ಎಪ್ಪತ್ತೆಂಟರ ವಯಸ್ಸಿನಲ್ಲಿ, ಟಾಟಾ ಅವರು ಕರಾಚಿಯಿಂದ ಮತ್ತೊಮ್ಮೆ ಒಬ್ಬರೇ ಹಾರಿ ಬಂದು ಇಳಿದದ್ದೂ ಇಲ್ಲಿಯೇ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಊರಿನ ಕಾಗದದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದಿನ ಸಲ ಮಕ್ಕಳನ್ನು ಜುಹೂ ಕಡಲತೀರಕ್ಕೆ ಕರೆದೊಯ್ಯುವಾಗ, ನಿಲ್ದಾಣದ ಗೋಡೆಯ ಬಳಿ ಒಂದು ಗಳಿಗೆ ನಿಂತು ಹೇಳೋಣ: “ಮಗೂ, ಮುಂಬಯಿಯಿಂದ ಕನ್ನಡ ನಾಡಿಗೆ ಟಪಾಲಿನ ವಿಮಾನ ಹಾರಿದ್ದು ಇಲ್ಲಿಂದಲೇ.”