ವೀರ್ಯಾಣುವಿನ ಟೋಲ್ ಗ್ರಾಹಕಗಳು (ಟಿಎಲ್‌ಆರ್)

ಸೋಂಕನ್ನು ಗುರುತಿಸಿ ದೇಹಕ್ಕೆ ಎಚ್ಚರಿಕೆ ಕೊಡುವ ರೋಗನಿರೋಧಕ ಪ್ರೋಟೀನುಗಳು. ವೀರ್ಯಾಣುವಿನ ಮೇಲೂ ಇವೆ. ಬ್ಯಾಕ್ಟೀರಿಯಾದ ಹೊರಪೊರೆಯ ವಿಷ ಟಿಎಲ್‌ಆರ್-4ಕ್ಕೆ ತಗುಲಿದರೆ ವೀರ್ಯಾಣುವಿನ ಚಲನೆ ಕುಗ್ಗಿ ಫಲವತ್ತತೆ ಇಳಿಯುತ್ತದೆ.

ಹೆಚ್ಚು ಕುತೂಹಲದವು ಟಿಎಲ್‌ಆರ್-7 ಮತ್ತು 8. ಇವುಗಳ ಜೀನುಗಳಿರುವುದು ಎಕ್ಸ್ ವರ್ಣತಂತುವಿನಲ್ಲಿ. 2019ರಲ್ಲಿ ಜಪಾನಿನ ಹಿರೋಷಿಮಾ ವಿಶ್ವವಿದ್ಯಾಲಯದ ತಂಡ ಇಲಿಯ ವೀರ್ಯಕ್ಕೆ ಈ ಎರಡು ಗ್ರಾಹಕಗಳನ್ನು ಕೆರಳಿಸುವ ರೆಸಿಕ್ವಿಮಾಡ್ ಎಂಬ ರಾಸಾಯನಿಕ ಬೆರೆಸಿತು. ಎಕ್ಸ್ ಹೊತ್ತ, ಅಂದರೆ ಹೆಣ್ಣುಮರಿ ಕೊಡುವ, ವೀರ್ಯಾಣುಗಳಷ್ಟೇ ಶಕ್ತಿಗುಂದಿ ತಳದಲ್ಲಿ ಉಳಿದವು. ವೈ ಹೊತ್ತವು ಮೇಲೆ ಈಜುತ್ತಲೇ ಇದ್ದವು.

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಹೈನುಗಾರರಿಗೆ ಇದು ದೂರದ ಮಾತಲ್ಲ. ಸೀಮೆಹಸು ಗಂಡುಕರು ಹಾಕಿದರೆ ಡೇರಿಗೆ ಹಾಲು ಹಾಕುವ ಮನೆಗೆ ಅದು ಖರ್ಚೇ. ಕೆಎಂಎಫ್‌ನ ನಂದಿನಿ ವೀರ್ಯ ಕೇಂದ್ರ ಹೆಸರಘಟ್ಟದಲ್ಲಿದೆ. ಅಲ್ಲಿ ಹೋರಿಯ ವೀರ್ಯವನ್ನು 0.25 ಮಿ.ಲೀ. ನಳಿಕೆಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಪಿಡುತ್ತಾರೆ. ಹೆಣ್ಣುಕರುವಿಗೆಂದು ಸಿಗುವ ವಿಂಗಡಿತ ವೀರ್ಯವನ್ನು ಸಾಮಾನ್ಯವಾಗಿ ಡಿಎನ್‌ಎ ಪ್ರಮಾಣ ನೋಡಿ, ದುಬಾರಿ ಯಂತ್ರದಲ್ಲಿ ಬೇರ್ಪಡಿಸಿರುತ್ತಾರೆ. ಟೋಲ್ ಗ್ರಾಹಕದ ದಾರಿ ಅದಕ್ಕಿಂತ ಅಗ್ಗವಾದೀತು. ಹೆಣ್ಣುಕರು ಬೇಕೆಂದರೆ ಮಾತ್ರ ತಳದಲ್ಲಿ ಸೋತು ಕುಳಿತವುಗಳನ್ನೇ ತೊಳೆದು ಎಬ್ಬಿಸಬೇಕು.