ಗಾಡಿ ಕೆಟ್ಟರೆ ಗಾಬರಿ ಏಕೆ?



ಒಳ್ಳೆಯ ಮಳೆ ಬಂದಿದೆ ಅಂತ ಇಟ್ಟುಕೊಳ್ಳಿ. ಭೂಮಿ ಹದಕ್ಕೆ ಬಂದಿದೆ. ಬೀಜ ಮನೆಯಲ್ಲಿದೆ, ಗೊಬ್ಬರ ಬದುವಿನ ಮೇಲಿದೆ. ಹೊತ್ತಾರೆ ಎದ್ದು ಟ್ರಾಕ್ಟರ್ ಮೇಲೆ ಕುಳಿತು ಕೀಲಿ ತಿರುಗಿಸುತ್ತೀರಿ. ಇಂಜನ್ನು ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಪೇಟೆಯ ಮೇಸ್ತ್ರಿಯನ್ನು ಕರೆದರೆ, "ಕೈತುಂಬ ಕೆಲಸ ಇದೆ ಯಜಮಾನ್ರೇ, ನಾಳಿದ್ದು ಬರ್ತೀನಿ" ಅನ್ನುತ್ತಾನೆ. ಅವನ ತಪ್ಪಲ್ಲ, ಊರೂರಿನವರೂ ಅವನನ್ನೇ ಕರೆಯುತ್ತಿದ್ದಾರೆ. ಆದರೆ ಹದ ಯಾರಿಗಾಗಿ ಕಾಯುತ್ತೆ? ಮೂರನೆಯ ದಿನ ಮೇಸ್ತ್ರಿ ಬಂದು, ಡೀಸೆಲ್ ಕೊಳವೆಯಲ್ಲಿ ಸೇರಿಕೊಂಡಿದ್ದ ಗಾಳಿಯನ್ನು ಹೊರಗೆ ಬಿಟ್ಟು, ಹತ್ತು ನಿಮಿಷದಲ್ಲಿ ಗಾಡಿ ನಡೆಸಿ ಕೊಟ್ಟು, ಹಣ ಎಣಿಸಿಕೊಂಡು ಹೋಗುತ್ತಾನೆ. ಹತ್ತು ನಿಮಿಷದ ಕೆಲಸ, ಮೂರು ದಿನದ ಹದ!

ಆ ಹತ್ತು ನಿಮಿಷದ ಕೆಲಸವನ್ನು ನಾವೇ ಕಲಿಯಬಾರದೇ ಅಂತ ಕೇಳಿದರೆ, "ಅಯ್ಯೋ, ಅದೆಲ್ಲ ಓದಿದವರ ವಿದ್ಯೆ, ನಮಗೆಲ್ಲಿ ಬರುತ್ತೆ?" ಅನ್ನುವವರೇ ಹೆಚ್ಚು. ಈ ಮಾತು ನಿಜವೇ? ಇದಕ್ಕೆ ಉತ್ತರವನ್ನು ಇತಿಹಾಸದಿಂದಲೇ ಕೇಳೋಣ. ಮೋಟಾರು ಗಾಡಿಯನ್ನು ದಾರಿಯಲ್ಲಿ ಮೊದಮೊದಲು ರಿಪೇರಿ ಮಾಡಿದವರು ಯಾರು ಅನ್ನೋದನ್ನು ನೋಡೋಣ.

ಅದಕ್ಕೂ ಮುಂಚೆ ನಮ್ಮ ಎತ್ತಿನ ಗಾಡಿಯನ್ನೇ ಒಮ್ಮೆ ನೆನೆಯಿರಿ. ಚಕ್ರ ಕಿರ್ ಎಂದರೆ ಸಾಕು, ಮನೆಯ ಹುಡುಗನೇ ಕಡಾಣಿ ಕಿತ್ತು, ಚಕ್ರ ಸರಿಸಿ, ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದ. ನೊಗದ ಹಗ್ಗ ಸವೆದಿದೆಯೇ, ಅಚ್ಚು ತೇದಿದೆಯೇ, ಅಪ್ಪನಿಗೆ ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟಿಸಬೇಕಾದರೆ ಮಾತ್ರ ಕಮ್ಮಾರರ ಕುಲುಮೆಗೆ ಹೋಗುತ್ತಿದ್ದರು. ಯಾವುದು ನಮ್ಮ ಕೆಲಸ, ಯಾವುದು ಕಸುಬುದಾರನ ಕೆಲಸ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಇದನ್ನು ಯಾವ ಶಾಲೆಯಲ್ಲಿ ಕಲಿತರು? ಗಾಡಿಯ ಪಕ್ಕದಲ್ಲಿ ನಿಂತು, ನೋಡಿ, ಮಾಡಿ ಕಲಿತರು.

ಈಗ ಜರ್ಮನಿ ದೇಶಕ್ಕೆ ಹೋಗೋಣ. ಅಲ್ಲಿಯ ಮನ್‌ಹೈಮ್ ಪಟ್ಟಣದಲ್ಲಿ ಕಾರ್ಲ್ ಬೆಂಜ್ ಎಂಬ ಇಂಜಿನಿಯರು ಪೆಟ್ರೋಲಿನಂಥ ಎಣ್ಣೆಯಿಂದ ಓಡುವ ಮೂರು ಚಕ್ರದ ಗಾಡಿ ಮಾಡಿ, 1886ರ ಜನವರಿ 29ರಂದು ಅದಕ್ಕೆ ಪೇಟೆಂಟ್ ಹಕ್ಕಿಗೆ ಅರ್ಜಿ ಹಾಕಿದ. ಗಾಡಿ ಏನೋ ಓಡಿತು. ಆದರೆ ಜನಕ್ಕೆ ನಂಬಿಕೆ ಬರಲಿಲ್ಲ. ಕುದುರೆ ಇಲ್ಲದ ಗಾಡಿ ದೂರದ ಊರಿಗೆ ಹೋದೀತೇ ಎಂಬ ಅನುಮಾನ. ಆಗ ಮುಂದೆ ಬಂದವಳು ಅವನ ಹೆಂಡತಿ ಬರ್ತಾ ಬೆಂಜ್. 1888ರ ಆಗಸ್ಟ್ ತಿಂಗಳಲ್ಲಿ ಒಂದು ದಿನ, ಗಂಡನಿಗೆ ಹೇಳದೆ, ಬೆಳಗಿನ ಜಾವದಲ್ಲಿ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಆ ಗಾಡಿ ಹತ್ತಿ ತವರೂರಾದ ಫೋರ್ಟ್ಸ್‌ಹೈಮ್ ಕಡೆಗೆ ಹೊರಟೇಬಿಟ್ಟಳು. ದಾರಿ ನೂರು ಕಿಲೋಮೀಟರಿಗೂ ಮೇಲೆ. ಅಷ್ಟು ದೂರ ಅಂಥ ಗಾಡಿ ಅದುವರೆಗೆ ಹೋದದ್ದೇ ಇಲ್ಲ. ದಾರಿಯಲ್ಲಿ ಪೆಟ್ರೋಲ್ ಬಂಕೂ ಇಲ್ಲ, ಗ್ಯಾರೇಜೂ ಇಲ್ಲ.

ಬರ್ತಾ ಇಂಜಿನಿಯರಿಂಗ್ ಓದಿದವಳಲ್ಲ. ಆ ಸೀಮೆಯಲ್ಲಿ ಆಗ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲೇ ತೆರೆದಿರಲಿಲ್ಲ. ಆದರೆ ಗಂಡ ಗಾಡಿ ಕಟ್ಟುವುದನ್ನು ಪಕ್ಕದಲ್ಲಿದ್ದು ನೋಡಿದ್ದಳು. ಯಾವ ಕೊಳವೆಯಲ್ಲಿ ಏನು ಹರಿಯುತ್ತೆ ಅನ್ನೋದು ಅವಳಿಗೆ ಗೊತ್ತಿತ್ತು.

ದಾರಿಯಲ್ಲಿ ಎಣ್ಣೆ ಮುಗಿಯುತ್ತಾ ಬಂತು. ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ, ಬಟ್ಟೆಯ ಕಲೆ ತೆಗೆಯುವ ಎಣ್ಣೆ ಸಿಕ್ಕಿತು. ಅದನ್ನೇ ಕೊಂಡು ತೊಟ್ಟಿಗೆ ತುಂಬಿಸಿದಳು. ಎಣ್ಣೆ ಬರುವ ಕೊಳವೆ ಕಟ್ಟಿಕೊಂಡಿತು. ಟೋಪಿಗೆ ಚುಚ್ಚಿದ್ದ ಉದ್ದನೆಯ ಪಿನ್ನು ತೆಗೆದು ಕಸ ಬಿಡಿಸಿದಳು. ಕಿಡಿ ಕೊಡುವ ತಂತಿಯ ಹೊದಿಕೆ ಸವೆದು ತೊಂದರೆ ಕೊಟ್ಟಿತು. ಕಾಲುಚೀಲ ಜಾರದಂತೆ ಕಟ್ಟುವ ಪಟ್ಟಿಯನ್ನು ಬಿಚ್ಚಿ ಅದಕ್ಕೆ ಸುತ್ತಿದಳು. ಸರಪಣಿ ಸಡಿಲವಾಯಿತು, ಅದನ್ನು ಕಮ್ಮಾರನ ಹತ್ತಿರ ಸರಿಮಾಡಿಸಿದಳು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದುಹೋಯಿತು. ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ ಅದಕ್ಕೆ ತೊಗಲು ಹೊಡೆಸಿದಳು. ಇಂಜನ್ ತಂಪಾಗಿಸಲು ದಾರಿಯುದ್ದಕ್ಕೂ ನೀರು ತುಂಬಿಸುತ್ತಾ, ಏರಿನಲ್ಲಿ ಮಕ್ಕಳಿಂದ ತಳ್ಳಿಸುತ್ತಾ, ಕತ್ತಲಾಗುವ ಹೊತ್ತಿಗೆ ತವರು ಸೇರಿ ಗಂಡನಿಗೆ ತಂತಿ ಕಳಿಸಿದಳು. ಏರು ಹತ್ತಲು ಇನ್ನೊಂದು ಗೇರು ಬೇಕು ಎಂದು ಗಂಡನಿಗೆ ಹೇಳಿದವಳೂ ಅವಳೇ.

ಇದರಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಕಸ ಬಿಡಿಸುವುದು, ತಂತಿ ಸುತ್ತುವುದು, ನೀರು ಹಾಕುವುದು, ಇವನ್ನು ತಾನೇ ಮಾಡಿದಳು. ಸರಪಣಿಯನ್ನೂ ಬ್ರೇಕನ್ನೂ ಕಸುಬುದಾರರ ಕೈಗೆ ಕೊಟ್ಟಳು. ಆದರೆ ಕೆಟ್ಟಿರುವುದು ಇದೇ ಅಂತ ಬೆರಳಿಟ್ಟು ತೋರಿಸಿದವಳು ಅವಳು. ನಮ್ಮ ಎತ್ತಿನ ಗಾಡಿಯ ಲೆಕ್ಕಾಚಾರವೂ ಇದೇ ಅಲ್ಲವೇ?

ಇನ್ನು ಇಪ್ಪತ್ತು ವರ್ಷ ಮುಂದೆ ಬರೋಣ, ಅಮೆರಿಕ ದೇಶಕ್ಕೆ. 1908ರ ಅಕ್ಟೋಬರಿನಲ್ಲಿ ಹೆನ್ರಿ ಫೋರ್ಡ್ ಎಂಬುವವನು ಮಾಡೆಲ್ ಟಿ ಎಂಬ ಕಾರನ್ನು ಮಾರಾಟಕ್ಕೆ ತಂದ. ಇವನೂ ರೈತನ ಮಗನೇ. ಹಳ್ಳಿಯ ಕೊರಕಲು ದಾರಿಗೆ ಒಗ್ಗುವಂತೆ ಕಾರನ್ನು ನೆಲದಿಂದ ಎತ್ತರಕ್ಕೆ ಕಟ್ಟಿದ್ದ. ಮೊದಲು 850 ಡಾಲರ್ ಇದ್ದ ಬೆಲೆ 1920ರ ದಶಕದ ನಡುವೆ 300 ಡಾಲರಿಗಿಂತ ಕೆಳಗೆ ಇಳಿಯಿತು. 1927ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಒಂದೂವರೆ ಕೋಟಿ ಕಾರುಗಳು ಹೊರಬಂದಿದ್ದವು. ಅವುಗಳಲ್ಲಿ ಎಷ್ಟೋ ಒಕ್ಕಲು ಮನೆಗಳ ಅಂಗಳ ಸೇರಿದವು.

ಕಾರು ಬಂತು, ಆದರೆ ಹಳ್ಳಿಯಲ್ಲಿ ಮೆಕ್ಯಾನಿಕ್ ಎಲ್ಲಿ? ರೈತನೇ ಮೆಕ್ಯಾನಿಕ್ ಆದ. ಕಾರಿನ ಜೊತೆಗೆ ಒಂದು ಕೈಪುಸ್ತಕ ಕೊಡುತ್ತಿದ್ದರು. ಅದು ಪ್ರಶ್ನೋತ್ತರ ರೂಪದಲ್ಲಿತ್ತು. ಇಂಜನ್ ಕಾಯುವುದೇಕೆ, ಶಕ್ತಿ ಕಡಿಮೆಯಾಗುವುದೇಕೆ, ಹೀಗೆ ಪ್ರಶ್ನೆ. ಅದರ ಕೆಳಗೆ ಸರಳವಾದ ಉತ್ತರ. ಇಂಜನ್ನಿನ ತಲೆಯನ್ನು ಬೋಲ್ಟು ಬಿಚ್ಚಿ ಎತ್ತಿ ಒಳಗಿನ ಮಸಿ ಕೆರೆಯಬಹುದಾಗಿತ್ತು. ಬಿಡಿಭಾಗಗಳು ಅಂಚೆಯಲ್ಲಿ ಬರುತ್ತಿದ್ದವು. ಕಲಿತ ರೈತರು ಅಷ್ಟಕ್ಕೇ ನಿಲ್ಲಲಿಲ್ಲ. ಹಿಂದಿನ ಚಕ್ರವನ್ನು ಜಾಕಿಯಿಂದ ಎತ್ತಿ, ಅದಕ್ಕೆ ಬೆಲ್ಟು ಹಾಕಿ, ಕಟ್ಟಿಗೆ ಕೊಯ್ದರು, ಕಾಳು ಬೀಸಿದರು, ನೀರು ಎತ್ತಿದರು.

ಹಾಗಂತ ಎಲ್ಲವೂ ಸಲೀಸಾಗಿತ್ತು ಅಂತಲ್ಲ. ಆ ಕಾರನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಿತ್ತು. ಕಿಡಿಯ ಹೊತ್ತು ಹಿಂದಕ್ಕೆ ಇಡುವುದನ್ನು ಮರೆತರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತಿತ್ತು. ಮಣಿಕಟ್ಟು ಮುರಿದುಕೊಂಡವರು ಎಷ್ಟೋ ಜನ. ಅದಕ್ಕೇ, ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಬಿಗಿಯಬೇಡ, ಉಳಿದ ಬೆರಳುಗಳ ಪಕ್ಕದಲ್ಲೇ ಇಡು ಎಂದು ಹಿರಿಯರು ಹೊಸಬರಿಗೆ ಹೇಳಿಕೊಡುತ್ತಿದ್ದರು. ಹ್ಯಾಂಡಲ್ ತಿರುಗಿಸುವ ಹಳೆಯ ಆಯಿಲ್ ಇಂಜನ್ ಇದ್ದ ನಮ್ಮ ಮನೆಗಳಲ್ಲೂ ಈ ಬುದ್ಧಿಮಾತು ಬೇಕಾಗಿತ್ತು. ತಪ್ಪು ಮಾಡಿದವರು ತಮ್ಮ ತಪ್ಪನ್ನು ಮುಚ್ಚಿಡದೆ ಹೇಳಿದ್ದರಿಂದ ಮುಂದಿನವರ ಕೈ ಉಳಿಯಿತು.

ಹೆಂಗಸರ ಮಾತು ಬಂತಲ್ಲ, ಇನ್ನೊಂದು ಸಂಗತಿ. ಎರಡನೆಯ ಮಹಾಯುದ್ಧದ ಕೊನೆಯ ವರ್ಷ, 1945ರಲ್ಲಿ, ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್ ಸೈನ್ಯದ ಮಹಿಳಾ ದಳ ಸೇರಿ ಲಾರಿ ಓಡಿಸುವುದನ್ನೂ ಇಂಜನ್ ಬಿಚ್ಚಿ ಸರಿಮಾಡುವುದನ್ನೂ ಕಲಿತಳು. ಆಗ ಅವಳಿಗೆ ಹತ್ತೊಂಬತ್ತರ ಹತ್ತಿರದ ವಯಸ್ಸು. ಮುಂದೆ ರಾಣಿಯಾದವಳೇ ಕೈಗೆ ಮಸಿ ಹಚ್ಚಿಕೊಂಡಿರುವಾಗ, ಮನೆಯ ಮಗಳು ಸ್ಪಾನರು ಹಿಡಿದರೆ ಯಾರೂ ನಗಬೇಕಾಗಿಲ್ಲ.

ನಮ್ಮ ದೇಶಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಟ್ರಾಕ್ಟರುಗಳೆಲ್ಲ ಹೊರದೇಶದವು. ಓಡಿಸುವವರಿಗೂ ರಿಪೇರಿ ಮಾಡುವವರಿಗೂ ತರಬೇತಿ ಬೇಕೆಂದು 1955ರಲ್ಲಿ ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರ್ಕಾರದ ತರಬೇತಿ ಕೇಂದ್ರ ಶುರುವಾಯಿತು. 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ನಮ್ಮ ದೇಶದಲ್ಲೇ ಕಟ್ಟಿದ ಟ್ರಾಕ್ಟರು ಹೊರಬಂತು. 1967ರಲ್ಲಿ ನಮ್ಮ ಬೆಂಗಳೂರಿನಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಪವರ್ ಟಿಲ್ಲರಿನ ಕಂಪನಿ ಸ್ಥಾಪನೆಯಾಯಿತು. ಯಂತ್ರ ಹೊಲಕ್ಕೆ ಬಂತು. ಕೀಲೆಣ್ಣೆ ಹಚ್ಚುತ್ತಿದ್ದ ಕೈ ಮಾತ್ರ ಎಷ್ಟೋ ಮನೆಗಳಲ್ಲಿ ಹಿಂದೆ ಸರಿಯಿತು.

ಹೀಗೆ ಕೈ ಹಿಂದೆ ಸರಿದರೆ ಏನಾಗುತ್ತೆ? ಮಾಡೆಲ್ ಟಿ ಬಿಚ್ಚಿ ಜೋಡಿಸಿದ ರೈತರ ನಾಡಿನಲ್ಲೇ ಈಚೆಗೆ ಟ್ರಾಕ್ಟರಿನೊಳಗೆ ಕಂಪ್ಯೂಟರ್ ಬಂತು. ಕೆಟ್ಟಾಗ ಕಂಪನಿಯವರು ಬಂದು ತಮ್ಮ ಸಾಧನದಿಂದ ಬೀಗ ತೆಗೆಯದೆ ಕೆಲವು ರಿಪೇರಿಗಳು ಆಗುತ್ತಲೇ ಇರಲಿಲ್ಲ. ಕೊಯ್ಲಿನ ಹೊತ್ತಿನಲ್ಲಿ ಕೈಕಟ್ಟಿ ಕುಳಿತ ರೈತರು ಹೋರಾಡಿದರು. 2023ರಲ್ಲಿ ಕೊಲರಾಡೊ ರಾಜ್ಯ ಕಾನೂನು ಮಾಡಿ, ಕೃಷಿ ಯಂತ್ರದ ಬಿಡಿಭಾಗ, ಕೈಪುಸ್ತಕ, ಸಾಧನಗಳನ್ನು ರೈತನಿಗೂ ಕೊಡಬೇಕು ಎಂದಿತು. ಅದು 2024ರ ಜನವರಿಯಿಂದ ಜಾರಿಗೆ ಬಂತು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿನ ವಿಚಾರಕ್ಕೆ ಒಂದು ಸಮಿತಿ ನೇಮಿಸಿತು. ಕೃಷಿ ಉಪಕರಣವೂ ಅದರ ಪರಿಶೀಲನೆಗೆ ಸೇರಿತ್ತು. ಆದರೆ ಬಾಂಧವರೇ, ಕಾನೂನು ಹಕ್ಕು ಕೊಡಬಹುದು. ಸ್ಪಾನರು ಹಿಡಿಯುವ ಕೈ ನಮ್ಮದೇ ಆಗಬೇಕು.

ಹಾಗಾದರೆ ಹೊಸಬರು ಎಲ್ಲಿಂದ ಶುರುಮಾಡಬೇಕು? ಬರ್ತಾ ಮಾಡಿದ ಹಾಗೆ, ಏನು ಎಲ್ಲಿ ಹರಿಯುತ್ತೆ ಅನ್ನೋದನ್ನು ತಿಳಿಯುವುದರಿಂದ. ಡೀಸೆಲ್ ಇಂಜನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೇ ಎಣ್ಣೆ ಉರಿಯುತ್ತದೆ. ರುಡಾಲ್ಫ್ ಡೀಸೆಲ್ ಎಂಬುವವನು 1897ರಲ್ಲಿ ನಡೆಸಿ ತೋರಿಸಿದ ಇಂಜನ್ನಿನ ಗುಟ್ಟು ಇದು. ಆದ್ದರಿಂದ ಗಾಡಿ ನಿಂತರೆ ಮೊದಲು ಕೇಳಬೇಕಾದ್ದು ಇಷ್ಟು: ತೊಟ್ಟಿಯಲ್ಲಿ ಡೀಸೆಲ್ ಇದೆಯೇ? ಒಳಗೆ ಹೋಗುವ ಗಾಳಿಯ ಜಾಲರಿ ಧೂಳಿನಿಂದ ಕಟ್ಟಿದೆಯೇ? ರೇಡಿಯೇಟರಿನಲ್ಲಿ ನೀರು, ಇಂಜನ್ನಿನಲ್ಲಿ ಆಯಿಲ್ ಇದೆಯೇ? ಬ್ಯಾಟರಿಯ ತಂತಿ ಬಿಗಿಯಾಗಿದೆಯೇ?

ತೊಟ್ಟಿ ಖಾಲಿಯಾಗಿ ನಿಂತ ಗಾಡಿಗೆ ಡೀಸೆಲ್ ತುಂಬಿದ ಮಾತ್ರಕ್ಕೆ ಚಾಲೂ ಆಗದೇ ಇರಬಹುದು. ಕೊಳವೆಯಲ್ಲಿ ಗಾಳಿ ಸೇರಿರುತ್ತದೆ. ಫಿಲ್ಟರಿನ ಮೇಲಿರುವ ಗಾಳಿ ಬಿಡುವ ಸ್ಕ್ರೂ ಸ್ವಲ್ಪ ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತೆ. ಗುಳ್ಳೆ ಇಲ್ಲದ ಡೀಸೆಲ್ ಬಂದಾಗ ಸ್ಕ್ರೂ ಬಿಗಿಮಾಡಿ. ಆ ಹತ್ತು ನಿಮಿಷದ ಕೆಲಸ ಇದೇ! ನಿಮ್ಮ ಗಾಡಿಯಲ್ಲಿ ಆ ಸ್ಕ್ರೂ ಎಲ್ಲಿದೆ ಅನ್ನೋದನ್ನು ಕೈಪುಸ್ತಕದಲ್ಲಿ ಇಂದೇ ನೋಡಿಟ್ಟುಕೊಳ್ಳಿ.

ಕೆಲಸಕ್ಕೆ ಇಳಿಯುವಾಗ ಒಂದು ಹಳೆಯ ಬಟ್ಟೆ ಹಾಸಿ, ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಜೋಡಿಸುವಾಗ ಕೊನೆಯದರಿಂದ ಹಿಂದಕ್ಕೆ ಬಂದರಾಯಿತು. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಬರೀ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಮಲಗಬೇಡಿ; ದಪ್ಪನೆಯ ಮರದ ದಿಮ್ಮಿ ಕೊಟ್ಟು ಭದ್ರ ಮಾಡಿ. ಇಂಜನ್ ಓಡುವಾಗ ಸೀರೆಯ ಸೆರಗು, ಟವಲು ಬೆಲ್ಟಿನ ಹತ್ತಿರ ಸುಳಿಯಬಾರದು. ಇಂಜೆಕ್ಷನ್ ಪಂಪು, ಇಂಜೆಕ್ಟರಿನ ತಂಟೆಗೆ ಹೋಗಬೇಡಿ. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ಅದು ಕಸುಬುದಾರನ ಕೆಲಸ, ಅವನಿಗೇ ಬಿಡಿ. ಅವನು ಬಂದಾಗ ಮಾತ್ರ ಕಾಫಿ ತರಲು ಒಳಗೆ ಹೋಗಿಬಿಡಬೇಡಿ. ಪಕ್ಕದಲ್ಲಿ ನಿಂತು ನೋಡಿ, ಕೇಳಿ.

ಮೊದಲ ಸಲ ಒಂದು ನಟ್ಟು ಉಳಿದುಹೋಗಬಹುದು, ಒಂದು ಬೋಲ್ಟು ಸೊಟ್ಟ ಹತ್ತಬಹುದು. ಬೇಸರ ಬೇಡ. ಬಿಚ್ಚಿ ಮತ್ತೆ ಹಾಕಿ. ನೇಗಿಲು ಹಿಡಿದ ಮೊದಲ ದಿನ ಯಾರ ಸಾಲು ನೆಟ್ಟಗೆ ಬಂದಿತ್ತು ಹೇಳಿ? ಕೈ ಕೆಸರಾದರೆ ಬಾಯಿ ಮೊಸರು ಅಂತೀವಲ್ಲ, ಇಲ್ಲಿ ಕೆಸರಿನ ಬದಲು ಸ್ವಲ್ಪ ಎಣ್ಣೆಮಸಿ, ಅಷ್ಟೇ.

ಈ ಭಾನುವಾರ, ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ, ಮಕ್ಕಳನ್ನೂ ಕೂರಿಸಿಕೊಂಡು ಗಾಳಿಯ ಜಾಲರಿಯೊಂದನ್ನು ಬಿಚ್ಚಿ, ಧೂಳು ತೆಗೆದು, ಮತ್ತೆ ಹಾಕಿ ನೋಡಿ. ಮುಂದಿನ ಹದಕ್ಕೆ ಅದು ನೆರವಾಗುತ್ತದೆ.