ರೈಫಲ್ ಗುರಿಗಾರಿಕೆಯಲ್ಲಿ ದೇಹಸ್ಥಾನದ ಚರಿತ್ರೆ

ಅಮರಕೋಶದ ಕ್ಷತ್ರಿಯವರ್ಗವನ್ನು ಪಾಠ ಹೇಳಿದವರಿಗೆ ಧನುರ್ಧರನ ‘ಸ್ಥಾನಪಂಚಕ’ವೆಂಬ ಮಾತು ಪರಿಚಿತವಾದುದು. ಪ್ರತ್ಯಾಲೀಢ, ಆಲೀಢಗಳೆರಡನ್ನು ಮಾತ್ರ ಅಮರಸಿಂಹನು ಹೆಸರಿಸಿ ಉಳಿದವನ್ನು ‘ಮೊದಲಾದವು’ ಎಂದು ಬಿಟ್ಟಿದ್ದಾನೆ; ಸಮಪದ, ವೈಶಾಖ, ಮಂಡಲಗಳನ್ನು ವ್ಯಾಖ್ಯಾನಕಾರರು ತುಂಬಿಕೊಡುತ್ತಾರೆ. ಇವುಗಳಿಗೆ ವೈಷ್ಣವವನ್ನು ಸೇರಿಸಿ ಆರೆಂದು ಎಣಿಸಿದ ನಾಟ್ಯಶಾಸ್ತ್ರವು ಅವನ್ನು ರಂಗಕ್ಕೂ ತಂದಿತು. ಬಾಣದ ಗತಿಯನ್ನು ವಿಚಾರಿಸುವ ಮುನ್ನ ಬಿಡುವವನ ಕಾಲುಗಳು ಎಲ್ಲಿವೆಯೆಂದು ಕೇಳುವುದು ನಮ್ಮ ಪೂರ್ವಿಕರಿಗೆ ಸಹಜವಾಗಿದ್ದಿತು. ಕೋವಿಯ ಚರಿತ್ರೆಯನ್ನು ಬರೆಯುವವರಲ್ಲಿ ಈ ಪ್ರಶ್ನೆಯು ಅಷ್ಟಾಗಿ ಕಾಣಬರುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಫಲಿನ ಗುರಿ ಹೇಗೆ ಉತ್ತಮವಾಯಿತೆಂದರೆ, ನಳಿಗೆಯೊಳಗಣ ಸುರುಳಿಗೆರೆ, 1849ರ ಮಿನಿಯೆ ಗುಂಡು, ಹಿಂಬದಿಯಿಂದ ತುಂಬುವ ಯಂತ್ರ ಎಂದು ಅವರು ಎಣಿಸುತ್ತಾರೆ. ಕಾರಣಗಳೇನೋ ಸತ್ಯವಾದುವೇ. ಆದರೆ ಆ ಶತಮಾನದಲ್ಲಿಯೇ ಕೋವಿಕಾರನು ನಿಂತಲ್ಲಿಂದ ನೆಲಕ್ಕೆ ಇಳಿದನೆಂಬುದನ್ನೂ ಆ ಕಾರಣಗಳ ಸಾಲಿನಲ್ಲಿ ಸೇರಿಸಬೇಕೆಂಬುದು ಈ ಲೇಖನದ ವಾದ.

ಮೊದಲು ಲೋಹದ ಸೈಟಿನ ಸ್ವಭಾವವನ್ನು ಹೇಳಬೇಕು. ದುರ್ಬೀನಿಲ್ಲದ ಕೋವಿಯಲ್ಲಿ ನಳಿಗೆಯ ತುದಿಯ ಮೊಳೆ, ಹಿಂಬದಿಯ ಕಂಡಿ ಅಥವಾ ಸಣ್ಣ ರಂಧ್ರ, ದೂರದ ಗುರಿಹಲಗೆ, ಈ ಮೂರೂ ಕಣ್ಣಿನೊಡನೆ ಒಂದೇ ರೇಖೆಗೆ ಬರಬೇಕು. ಮೂರನ್ನೂ ಒಮ್ಮೆಗೇ ಸ್ಪಷ್ಟವಾಗಿ ಕಾಣುವ ಶಕ್ತಿ ಮನುಷ್ಯನ ಕಣ್ಣಿಗಿಲ್ಲ. ಆದುದರಿಂದ ಬಲ್ಲವರು ಮುಂದಿನ ಮೊಳೆಯನ್ನೇ ಸ್ಪಷ್ಟವಾಗಿ ನೋಡಿ, ಗುರಿಯು ಮಸುಕಾಗಿದ್ದರೂ ಚಿಂತೆಯಿಲ್ಲವೆಂದು ಬಿಡುತ್ತಾರೆ. ಇಲ್ಲಿ ತಪ್ಪಿನ ಲೆಕ್ಕವು ಬಹು ನಿಷ್ಠುರವಾದುದು. ಎರಡು ಸೈಟುಗಳ ನಡುವೆ 26 ಅಂಗುಲ ಅಂತರವಿದ್ದು, ಮೊಳೆಯು ಒಂದಂಗುಲದ ನೂರನೆಯ ಒಂದು ಪಾಲಿನಷ್ಟು ಪಕ್ಕಕ್ಕೆ ಸರಿದರೆ, 1000 ಗಜದ ದೂರದಲ್ಲಿ ಗುಂಡು ಹೆಚ್ಚುಕಡಮೆ 14 ಅಂಗುಲ ಆಚೆಗೆ ಹೋಗುತ್ತದೆ. ಅಂತರವನ್ನು 36 ಅಂಗುಲಕ್ಕೆ ಹೆಚ್ಚಿಸಿದರೆ ಅದೇ ತಪ್ಪಿಗೆ 10 ಅಂಗುಲ ಮಾತ್ರ. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುವುದು.

ಆ ನೂರನೆಯ ಪಾಲಿನ ಅಲುಗಾಟವು ಬರುವುದು ದೇಹದಿಂದ. ನಿಂತವನ ಭಾರವೆಲ್ಲ ಎರಡು ಪಾದಗಳ ಮೇಲೆ. ಕೋವಿಯನ್ನು ಹೊತ್ತ ತೋಳಿಗೆ ನೆಲದ ಆಸರೆಯಿಲ್ಲ. ಉಸಿರು, ನಾಡಿ, ಸ್ನಾಯುವಿನ ದಣಿವು ಎಲ್ಲವೂ ಮೊಳೆಯ ತುದಿಯಲ್ಲಿ ಕುಣಿಯುತ್ತವೆ. ಮಂಡಿಯೂರಿದರೆ ಒಂದು ಮೊಣಕೈಗೆ ಮೊಣಕಾಲಿನ ಆಸರೆ ದೊರೆಯುವುದು. ಬೋರಲಾಗಿ ಮಲಗಿದರೆ ಎರಡು ಮೊಣಕೈಗಳೂ ನೆಲದಲ್ಲಿ ಊರಿ, ಭಾರವು ಸ್ನಾಯುವನ್ನು ಬಿಟ್ಟು ಎಲುಬಿನ ಮೇಲೆ ಕುಳಿತುಕೊಳ್ಳುವುದು. ಆದರೆ ಬೋರಲು ಮಲಗಿದವನಿಗೂ ಕಷ್ಟವುಂಟು: ಕತ್ತನ್ನು ಹಿಂದಕ್ಕೆ ಬಾಗಿಸಿ ಹುಬ್ಬಿನ ಕೆಳಗಿನಿಂದ ನೋಡಬೇಕಾದುದರಿಂದ ಕಣ್ಣು ಬೇಗ ದಣಿಯುತ್ತದೆ.

ದೇಹವನ್ನು ಲೆಕ್ಕದಿಂದ ಪೂರ್ತಿಯಾಗಿ ತೆಗೆದುಬಿಟ್ಟರೆ ಏನಾಗುವುದೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 1860ನೆಯ ಜುಲೈ 2ರಂದು ಲಂಡನ್ನಿನ ಬಳಿಯ ವಿಂಬಲ್ಡನ್ನಿನಲ್ಲಿ ರೈಫಲ್ ಸಂಘದ ಮೊದಲ ಪಂದ್ಯವನ್ನು ವಿಕ್ಟೋರಿಯಾ ರಾಣಿಯು ಒಂದು ಗುಂಡು ಹಾರಿಸಿ ಆರಂಭಿಸಿದಳು. ವಿಟ್‌ವರ್ತ್ ರೈಫಲನ್ನು ಕಬ್ಬಿಣದ ಪೀಠಕ್ಕೆ ಬಿಗಿದು ಮೊದಲೇ ಗುರಿಕಟ್ಟಿ ಇಡಲಾಗಿತ್ತು. ರಾಣಿಯು ಕುದುರೆಗೆ ಕಟ್ಟಿದ್ದ ರೇಷ್ಮೆಯ ದಾರವನ್ನು ಎಳೆದುದಷ್ಟೆ. 400 ಗಜದಲ್ಲಿ ಗುಂಡು ನಡುಬಿಂದುವಿನಿಂದ ಒಂದೂವರೆ ಅಂಗುಲದೊಳಗೆ ತಗುಲಿತು. ಕೋವಿಯ ಸಾಮರ್ಥ್ಯವು ಅಷ್ಟಿದ್ದಿತೆಂದ ಮೇಲೆ, ಕೈಯಲ್ಲಿ ಹಿಡಿದವರಿಗೆ ತಪ್ಪಿದ ಅಂಗುಲಗಳಲ್ಲಿ ಹೆಚ್ಚಿನವು ಯಾರ ಪಾಲಿನವೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಸೈನಿಕನು ಮೊದಲೇ ಏಕೆ ಮಲಗಲಿಲ್ಲ? ಕವಾಯತಿನ ಶಿಸ್ತು, ನಿಂತು ಹೋರುವುದೇ ಶೌರ್ಯವೆಂಬ ಭಾವನೆ, ಇವು ಸಾಮಾನ್ಯವಾಗಿ ಕೊಡುವ ಉತ್ತರಗಳು. ನನಗೆ ತೋರುವ ಮುಖ್ಯ ಕಾರಣವು ಇನ್ನೂ ಸಾಧಾರಣವಾದುದು. ಬಾಯಿಯಿಂದ ಮದ್ದು ಸುರಿದು, ಗುಂಡಿಟ್ಟು, ಸರಳಿನಿಂದ ಜಡಿಯಬೇಕಾದ ಉದ್ದನೆಯ ಕೋವಿಯನ್ನು ಮಲಗಿದಲ್ಲಿಯೇ ತುಂಬುವುದು ಬಹು ಪ್ರಯಾಸದ ಕೆಲಸ. ಒಂದು ಗುಂಡನ್ನು ಮಲಗಿ ಹಾರಿಸಿದರೂ ಎರಡನೆಯದಕ್ಕೆ ಏಳಬೇಕು. 1809ನೆಯ ಜನವರಿ 3ರಂದು ಸ್ಪೇನಿನ ಕಾಕಾಬೆಲೋಸಿನಲ್ಲಿ ಫ್ರೆಂಚ್ ಸೇನಾಪತಿ ಕೊಲ್ಬೇರನನ್ನು ಹೊಡೆದ ಟಾಮ್ ಪ್ಲಂಕೆಟ್ ಎಂಬ ಸಿಪಾಯಿಯು, ಅಂಗಾತ ಮಲಗಿ ಕೋವಿಯ ಪಟ್ಟಿಗೆ ಕಾಲು ಕೊಟ್ಟು ಗುರಿಯಿಟ್ಟನೆಂದು ಐತಿಹ್ಯವಿದೆ. ಕೊಲ್ಬೇರನು ಅಲ್ಲಿ ಮಡಿದುದು ನಿಶ್ಚಯ; ಗುಂಡು ಹೋದ ದೂರವು ಮಾತ್ರ ಹೇಳುವವರಿಂದ ಹೇಳುವವರಿಗೆ ಬೆಳೆಯುತ್ತ ಬಂದಿದೆ.

ಈ ಕಟ್ಟನ್ನು ಬಿಡಿಸಿದುದು ಪ್ರಷ್ಯದ ಡ್ರೈಸೆ ಸೂಜಿಕೋವಿ. 1841ರಲ್ಲಿಯೇ ಆ ರಾಜ್ಯವು ಅದನ್ನು ಅಂಗೀಕರಿಸಿದ್ದರೂ, ಅದರ ಅರ್ಥವು ಯೂರೋಪಿಗೆಲ್ಲ ತಿಳಿದುದು 1866ನೆಯ ಜುಲೈ 3ರಂದು ಕ್ಯೋನಿಗ್‌ಗ್ರೇಟ್ಸ್ ಯುದ್ಧದಲ್ಲಿ. ಗಮನಿಸತಕ್ಕದ್ದೇನೆಂದರೆ, ಆಸ್ಟ್ರಿಯದವರ ಲೊರೆನ್ಸ್ ರೈಫಲು ಬಾಯಿಯಿಂದ ತುಂಬುವುದಾದರೂ ದೂರಕ್ಕೂ ನಿಖರತೆಗೂ ಸೂಜಿಕೋವಿಗಿಂತ ಮೇಲಾದುದು. ಆದರೆ ಅದನ್ನು ತುಂಬಲು ಸಿಪಾಯಿ ನಿಲ್ಲಬೇಕಾಗಿತ್ತು. ಪ್ರಷ್ಯದವನು ಮಲಗಿದಲ್ಲಿಯೇ, ಪೊದೆಯ ಮರೆಯಲ್ಲಿಯೇ ತುಂಬಿ, ಎದುರಿನವನು ಒಂದು ಗುಂಡು ಹಾರಿಸುವಷ್ಟರಲ್ಲಿ ಹಲವನ್ನು ಹಾರಿಸಬಲ್ಲವನಾಗಿದ್ದನು. ಆಸ್ಟ್ರಿಯದ ದಳಪತಿಗಳು ಸನೀನು ಹಿಡಿದು ದಟ್ಟಸಾಲಿನಲ್ಲಿ ನುಗ್ಗುವ ಪದ್ಧತಿಯನ್ನು ನಂಬಿದ್ದುದೂ ಅವರ ಸೋಲಿಗೆ ಕಾರಣವಾಯಿತೆಂಬುದನ್ನು ಮರೆಯಬಾರದು. ಎಂತೂ, ಕೋವಿಯಷ್ಟನ್ನೇ ತೂಗಿ ನೋಡಿದರೆ ಕೀಳೆನಿಸುವ ಆಯುಧವು, ಹಿಡಿದವನು ಮಲಗಿದಾಗ ಮೇಲಾಯಿತು.

ಗುರಿಯ ಪಂದ್ಯಗಳಲ್ಲಿ ಇದೇ ವಿಚಾರವು ಬೇರೊಂದು ರೂಪವನ್ನು ತಳೆಯಿತು. 1874ನೆಯ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನ ಬಳಿಯ ಕ್ರೀಡ್‌ಮೂರಿನಲ್ಲಿ ಐರ್ಲೆಂಡಿನ ಆರು ಮಂದಿಗೂ ಅಮೆರಿಕದ ಆರು ಮಂದಿಗೂ ಪಂದ್ಯ ನಡೆಯಿತು. ದೂರ 800, 900, 1000 ಗಜ; ಒಂದೊಂದರಲ್ಲಿ ತಲಾ 15 ಗುಂಡು; ದುರ್ಬೀನಿಗೆ ಅವಕಾಶವಿಲ್ಲ. ನಡುಗುರಿಯು ಮೂರಡಿಯ ಚೌಕ, ಅದಕ್ಕೆ ನಾಲ್ಕಂಕ. ಒಟ್ಟು 1080ರಲ್ಲಿ ಅಮೆರಿಕದವರು 934, ಐರಿಷರು 931 ಪಡೆದರು. ಐರಿಷರಲ್ಲಿ ಮಿಲ್ನರ್ ಎಂಬಾತನು 900 ಗಜದಲ್ಲಿ ಪಕ್ಕದ ಹಲಗೆಯ ನಡುಗುರಿಯನ್ನು ಹೊಡೆದು ಸೊನ್ನೆ ಪಡೆದುದೂ, ಕೊನೆಯ ಗುಂಡಿನ ಅಮೆರಿಕದ ಕರ್ನಲ್ ಬೊಡೈನನು ಸೀಸೆಯೊಡೆದು ಕೈ ಗಾಯವಾಗಿ ರಕ್ತ ಸುರಿಯುತ್ತಿದ್ದರೂ ನಡುಗುರಿಯನ್ನು ಹೊಡೆದುದೂ ಎಲ್ಲೆಲ್ಲಿಯೂ ಬರೆಯಲ್ಪಟ್ಟಿವೆ. ರಸವತ್ತಾದ ಸಂಗತಿಗಳೇ. ನಮ್ಮ ವಿಷಯಕ್ಕೆ ಬೇಕಾದುದು ಇಷ್ಟು ಪ್ರಸಿದ್ಧವಲ್ಲ. ಐರಿಷರು ಬಾಯಿಯಿಂದ ತುಂಬುವ ರಿಗ್ಬಿ ರೈಫಲನ್ನು ತಂದಿದ್ದರು; ಅಮೆರಿಕದವರಲ್ಲಿದ್ದುದು ಹಿಂಬದಿಯಿಂದ ತುಂಬುವ ರೆಮಿಂಗ್ಟನ್, ಶಾರ್ಪ್ಸ್. ಯಂತ್ರದಲ್ಲಿ ಇಷ್ಟು ಭೇದವಿದ್ದೂ ಅಂತರವು ಮೂರೇ ಅಂಕ. ಪಂದ್ಯದಲ್ಲಿ ತುಂಬುವುದಕ್ಕೆ ಬಿಡುವಿದ್ದುದರಿಂದ ಎರಡು ಪಕ್ಷದವರಿಗೂ ನೆಲದ ಆಸರೆಯು ದೊರೆತಿತ್ತು. ಇದನ್ನು ನಿರ್ಣಾಯಕವಾದ ಪ್ರಮಾಣವೆನ್ನಲಾಗದು. ಸೂಚನೆಯೆಂದು ಮಾತ್ರ ಎಣಿಸಬಹುದು.

ಅಮೆರಿಕದ ಪಕ್ಷದಲ್ಲಿ 180ಕ್ಕೆ 171 ಅಂಕ ಪಡೆದು ಎಲ್ಲರನ್ನೂ ಮೀರಿದ ಹೆನ್ರಿ ಫುಲ್ಟನನು ಅಂಗಾತ ಮಲಗಿ ಹೊಡೆಯುವವನು. ಈ ಸ್ಥಾನದಲ್ಲಿ ಕಾಲುಗಳನ್ನು ಗುರಿಯ ಕಡೆಗೆ ಚಾಚಿ, ನಳಿಗೆಯನ್ನು ಕಾಲಿನ ಮೇಲೆ ಒರಗಿಸುವರು. ನೋಡುವವರಿಗೆ ನಗೆ ಬರುವಂತಹ ಭಂಗಿ. ಆದರೆ ಇದರಲ್ಲಿ ಕಣ್ಣು ಕೋವಿಯ ಮರದ ಹಿಂತುದಿಗೇ ಸಮೀಪವಾಗುವುದರಿಂದ, ಹಿಂದಿನ ಸೈಟನ್ನು ಆ ತುದಿಯಲ್ಲಿಯೇ ನೆಡಬಹುದು. ಎರಡು ಸೈಟುಗಳ ಅಂತರವು ಹತ್ತಂಗುಲದಷ್ಟು ಬೆಳೆಯುತ್ತದೆ. ಮೇಲೆ ಹೇಳಿದ ಹದಿನಾಲ್ಕು ಅಂಗುಲದ ತಪ್ಪು ಹತ್ತಕ್ಕೆ ಇಳಿಯುವುದು ಇಲ್ಲಿಯೇ. ನಡುಗುರಿಯ ಕೇಂದ್ರದಿಂದ ಅಂಚಿಗೆ ಹದಿನೆಂಟೇ ಅಂಗುಲವಿರುವಾಗ ನಾಲ್ಕು ಅಂಗುಲವು ಅಲ್ಪವೇನೂ ಅಲ್ಲ. ಅಂದರೆ ದೇಹಸ್ಥಾನವು ಅಲುಗಾಟವನ್ನು ಕಡಮೆಮಾಡಿದುದಲ್ಲದೆ ಆಯುಧದ ರಚನೆಯನ್ನೇ ಬದಲಿಸಿತು. ಯುದ್ಧಕ್ಕೆ ಇದು ಒದಗಲಿಲ್ಲ. ಅಂಗಾತ ಬಿದ್ದವನು ಬೇಗ ಏಳಲಾರ, ಸುತ್ತಲೂ ನೋಡಲಾರ. ಸೈನ್ಯಗಳು ಬೋರಲನ್ನು ಆರಿಸಿಕೊಂಡುವು.

ನಿಲುವಿನ ಸ್ಥಾನಕ್ಕೆ ನಮ್ಮ ನಾಡಿನಲ್ಲಿ ಒಂದು ಮರ್ಯಾದೆ ಉಳಿದಿದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವರಷ್ಟೆ. ಗುರಿಯು ಮೇಲಿರುವಲ್ಲಿ ಬೋರಲಿಗೆ ಕೆಲಸವಿಲ್ಲ.

ಮೂರು ಸ್ಥಾನಗಳನ್ನೂ ಒಬ್ಬನಲ್ಲಿಯೇ ಅಳೆದು ನೋಡುವ ಅನುಕೂಲವು ಈಗಿನ ಒಲಿಂಪಿಕ್ ಪಂದ್ಯದಲ್ಲಿದೆ. 2024ನೆಯ ಆಗಸ್ಟ್ 1ರಂದು ಫ್ರಾನ್ಸಿನ ಶಾತೊರೂವಿನಲ್ಲಿ, 50 ಮೀಟರಿನ ಮೂರು ಸ್ಥಾನಗಳ ರೈಫಲ್ ಪಂದ್ಯದ ಕೊನೆಯ ಸುತ್ತಿನಲ್ಲಿ ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆಯವರು 451.4 ಅಂಕಗಳಿಂದ ಕಂಚಿನ ಪದಕ ಪಡೆದರು. ಅಲ್ಲಿಯೂ ದುರ್ಬೀನಿಲ್ಲ, ರಂಧ್ರದ ಸೈಟು. ಮಂಡಿಯೂರಿ 15 ಗುಂಡಿಗೆ 153.3, ಬೋರಲಾಗಿ 15ಕ್ಕೆ 156.8; ನಿಂತು 14ಕ್ಕೆ 141.3. ಗುಂಡೊಂದಕ್ಕೆ ಭಾಗಿಸಿದರೆ ಕ್ರಮವಾಗಿ 10.22, 10.45, 10.09 ಆಗುತ್ತದೆ. ಕೋವಿ, ಕಣ್ಣು, ಮನುಷ್ಯ ಎಲ್ಲವೂ ಒಂದೇ. ನಿಲುವಿನಲ್ಲಿ ಹಾರಿಸುವಾಗ ಒಬ್ಬೊಬ್ಬರನ್ನಾಗಿ ಹೊರಹಾಕುವ ಆತಂಕವೂ ಸೇರುವುದರಿಂದ ಕೊನೆಯ ಅಂಕೆಯಷ್ಟನ್ನೂ ಕಾಲಿನ ಮೇಲೆಯೇ ಹೊರಿಸಲಾಗದು. ಮಂಡಿಗೂ ಬೋರಲಿಗೂ ಇರುವ 0.23ರ ಅಂತರಕ್ಕೆ ಆ ಶಂಕೆಯಿಲ್ಲ.